ಕಪ್ಪು ಐರಿಸ್ ಕೊಳ್ಳುವ ಮುನ್ನ

ಕಪ್ಪು ಐರಿಸ್ ಎಂದು ಮಾರುವ ಯಾವ ಹೂವೂ ಕಪ್ಪಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ಆಮೇಲಿನ ತಕರಾರು ತಪ್ಪುತ್ತದೆ. ಕೆಲವು ಕಡುನೇರಳೆ, ಕೆಲವು ನೀಲಿ ಬೆರೆತ ಕಪ್ಪು, ಇನ್ನು ಕೆಲವು ಕೆಂಪು ಬೆರೆತ ಕಪ್ಪು. ಕ್ಯಾಟಲಾಗಿನ ಹೊಳಪು ಹಾಳೆಯಲ್ಲಿ ಮಾತ್ರ ಎಲ್ಲವೂ ಅಪ್ಪಟ ಕಾಡಿಗೆ. ಚಿತ್ರ ನೋಡಿ ದುಡ್ಡು ಕಳಿಸಿ, ವರ್ಷ ಕಾದು, ಹೂ ಬಿಟ್ಟ ದಿನ ‘ಅಯ್ಯೋ, ನೇರಳೆ ಬಂತಲ್ಲ’ ಎಂದು ಮುಖ ಸಣ್ಣ ಮಾಡಿಕೊಂಡವರು ಅಮೆರಿಕದ ಕನ್ನಡ ಕೂಟದ ಊಟದ ಸಾಲಿನಲ್ಲೇ ನಾಲ್ಕಾರು ಮಂದಿ ಸಿಗುತ್ತಾರೆ. ಅವರಿಗೆಲ್ಲ ನಾನು ಹೇಳುವುದು ಒಂದೇ ಮಾತು: ಕಪ್ಪನ್ನು ಕೊಳ್ಳಬೇಡಿ, ಗಿಡವನ್ನು ಕೊಳ್ಳಿ.

ಒರೆಗಾನಿನ ವಿಲಾಮೆಟ್ ಕಣಿವೆಯಲ್ಲಿ ಈಗ ಐರಿಸ್ ಸುಗ್ಗಿ. ಸೇಲಂ (ತಮಿಳುನಾಡಿನದಲ್ಲ, ಒರೆಗಾನಿನ ರಾಜಧಾನಿ) ಊರಿನ ಅಂಚಿಗಿರುವ ಶ್ರೈನರ್ಸ್ ತೋಟಕ್ಕೆ ಮೇ ಮಧ್ಯದಿಂದ ಜೂನ್ ಮೊದಲ ವಾರದವರೆಗೆ ಜನ ಕಾರು ಕಟ್ಟಿಕೊಂಡು ಬರುತ್ತಾರೆ. ಮಿನ್ನೆಸೋಟಾದ ಸೇಂಟ್ ಪಾಲ್‌ನಲ್ಲಿ ಫ್ರಾನ್ಸಿಸ್ ಜೇವಿಯರ್ ಶ್ರೈನರ್ 1920ರ ದಶಕದಲ್ಲಿ ಹವ್ಯಾಸಕ್ಕೆಂದು ಶುರುಮಾಡಿದ್ದನ್ನು ಅವರ ಮಕ್ಕಳು 1940ರ ದಶಕದಲ್ಲಿ ಈ ಕಣಿವೆಗೆ ತಂದು ನೆಲೆಗೊಳಿಸಿದರು. ಇಲ್ಲಿ ಮಳೆ ಬರುವುದು ಚಳಿಗಾಲದಲ್ಲಿ, ಬೇಸಿಗೆ ಒಣಒಣ. ಐರಿಸ್ ಗಡ್ಡೆಗೆ ಹೇಳಿ ಮಾಡಿಸಿದ ಹವೆ. ಅಲ್ಲಿನ ಹತ್ತು ಎಕರೆ ಪ್ರದರ್ಶನ ತೋಟದಲ್ಲಿ ಹೂವಿಗಿಂತ ನೋಡುವವರನ್ನು ಗಮನಿಸುವುದು ನನಗಿಷ್ಟ. ಹಳದಿ, ಗುಲಾಬಿ, ತಿಳಿನೀಲಿ ಸಾಲುಗಳ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಕಪ್ಪಿನ ಮುಂದೆ ಬಂದಾಗ ಮಾತ್ರ ಸೊಂಟ ಬಗ್ಗಿಸುತ್ತಾರೆ. ಅದು ದೂರದಿಂದ ನೋಡುವ ಹೂವಲ್ಲ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ.

ನಾನು ಹೇಳುತ್ತಿರುವುದು ‘ಟಾಲ್ ಬಿಯರ್ಡೆಡ್’ ಎಂಬ ವರ್ಗದ ಐರಿಸ್ ಬಗ್ಗೆ. ಹೂದಂಡು 70 ಸೆಂಟಿಮೀಟರಿಗಿಂತ ಎತ್ತರ ಇದ್ದರೆ ಈ ವರ್ಗ. ಹೆಚ್ಚಿನವು ಮೂರಡಿ ಮುಟ್ಟುತ್ತವೆ. ಮೂರು ಎಸಳು ಮೇಲಕ್ಕೆ ನಿಂತು ಗುಮ್ಮಟ ಕಟ್ಟುತ್ತವೆ, ಮೂರು ಕೆಳಕ್ಕೆ ಇಳಿಬೀಳುತ್ತವೆ. ಇಳಿಬಿದ್ದ ಎಸಳಿನ ಗಂಟಲಲ್ಲಿ ಕಂಬಳಿಹುಳದಷ್ಟು ಗಾತ್ರದ ರೋಮದ ಪಟ್ಟಿ, ಅದೇ ಗಡ್ಡ. ಕಪ್ಪು ತಳಿಯನ್ನು ಪರೀಕ್ಷಿಸುವಾಗ ನಾನು ಮೊದಲು ನೋಡುವುದು ಈ ಗಡ್ಡವನ್ನು. ಎಸಳು ಎಷ್ಟೇ ಕಡುವಾಗಿರಲಿ, ಗಡ್ಡ ಹಳದಿಯಾಗಿದ್ದರೆ ಕಣ್ಣು ಅಲ್ಲಿಗೇ ಹೋಗುತ್ತದೆ. ಹಳೆಯ ಕಡು ತಳಿಗಳಲ್ಲಿ ಗಡ್ಡದ ಆಚೀಚೆ ಬಿಳಿಯ, ಕಂದು ಗೀರುಗಳೂ ಇರುತ್ತಿದ್ದವು. ಆ ಗೀರುಗಳನ್ನು ಅಳಿಸಿಹಾಕಲು ತಳಿಗಾರರ ಒಂದು ತಲೆಮಾರೇ ಸವೆಯಿತು.

ಕಪ್ಪು ಎಲ್ಲಿಂದ ಬರುತ್ತದೆ? ಎಸಳಿನ ಮೇಲ್ಪದರದ ಜೀವಕೋಶಗಳ ರಸದಲ್ಲಿ ಕರಗಿರುವ ಆಂಥೋಸಯನಿನ್ ಎಂಬ ಬಣ್ಣದಿಂದ. ಐರಿಸ್‌ನಲ್ಲಿರುವುದು ಡೆಲ್ಫಿನಿಡಿನ್ ಕುಟುಂಬದ್ದು. ನಮ್ಮ ನೇರಳೆ ಬದನೆಕಾಯಿಯ ಸಿಪ್ಪೆಯಲ್ಲಿರುವುದೂ ಅದೇ ಕುಟುಂಬ. ಈ ಬಣ್ಣ ತೆಳುವಾಗಿದ್ದರೆ ಹೂವು ತಿಳಿನೇರಳೆ, ದಟ್ಟವಾದಷ್ಟೂ ಬಿದ್ದ ಬೆಳಕನ್ನೆಲ್ಲ ನುಂಗಿ ಕಪ್ಪೆಂಬ ಭ್ರಮೆ ಹುಟ್ಟಿಸುತ್ತದೆ. ಅಡಿಯಲ್ಲಿ ಹಳದಿ ಕೆರೋಟಿನ್ ಬಣ್ಣ ಸೇರಿಕೊಂಡರೆ ಕಪ್ಪು ಕೆಂಪಿನ ಕಡೆ ವಾಲುತ್ತದೆ, ಇಲ್ಲದಿದ್ದರೆ ನೀಲಿಯ ಕಡೆ. ಆ ಜೀವಕೋಶಗಳು ಚಪ್ಪಟೆಯಾಗಿರದೆ ಸಣ್ಣ ಶಿಖರಗಳಾಗಿ ಎದ್ದು ನಿಂತಿರುವುದರಿಂದಲೇ ಎಸಳಿಗೆ ಮಖಮಲ್ಲಿನ ಮೈ. ಇದೇ ಡೆಲ್ಫಿನಿಡಿನ್ ಬಣ್ಣದ ಕಾರಣಕ್ಕೆ ಅಪ್ಪಟ ಕೆಂಪು ಐರಿಸ್ ಇಂದಿಗೂ ಯಾರ ಕೈಗೂ ಸಿಕ್ಕಿಲ್ಲ. ಆ ಕಥೆ ಇನ್ನೊಂದು ವಾರಕ್ಕಿರಲಿ.

ಅರಳುವ ಹಿಂದಿನ ದಿನದ ಮೊಗ್ಗನ್ನು ನೋಡಬೇಕು. ಹೂವು ತನ್ನ ಜೀವಮಾನದಲ್ಲಿ ಅತ್ಯಂತ ಕಪ್ಪಾಗಿರುವುದು ಆಗಲೇ. ಎಸಳುಗಳೆಲ್ಲ ಒಂದರ ಮೇಲೊಂದು ಬಿಗಿಯಾಗಿ ಸುತ್ತಿಕೊಂಡು, ಮಸಿಯಲ್ಲಿ ಅದ್ದಿ ತೆಗೆದ ಚೂಪು ತುದಿ ಹಸಿರು ಪೊರೆಯಿಂದ ಹೊರಗೆ ಇಣುಕಿರುತ್ತದೆ. ಮರುದಿನ ಬೆಳಿಗ್ಗೆ ಸುರುಳಿ ಬಿಚ್ಚಿ, ಇಳಿಎಸಳುಗಳು ಒಂದೊಂದಾಗಿ ಕೆಳಗೆ ಜಾರುತ್ತವೆ. ಸೂರ್ಯ ಹಿಂದಿನಿಂದ ಬಿದ್ದಾಗ ಗುಮ್ಮಟದ ಅಂಚು ದ್ರಾಕ್ಷಾರಸದ ನೇರಳೆಗೆ ತಿರುಗುತ್ತದೆ, ನರಗಳು ಕಾಣುತ್ತವೆ. ಅಷ್ಟರಲ್ಲಿ ಒಂದು ದಪ್ಪ ಬಂಬಲ್ ಜೇನು ಗಡ್ಡದ ಮೇಲೆ ಇಳಿದು, ಮೇಲಿನ ಚಾಚನ್ನು ಬೆನ್ನಿನಿಂದ ತಳ್ಳಿಕೊಂಡು ಗಂಟಲೊಳಗೆ ನುಗ್ಗುತ್ತದೆ. ಒಳಗೆ ಹೋಗುವಾಗ ಆ ಚಾಚಿನ ತುಟಿ ಅದರ ಬೆನ್ನಿನ ಪರಾಗವನ್ನು ಕೆರೆದುಕೊಳ್ಳುತ್ತದೆ, ಹೊರಬರುವಾಗ ಆ ತುಟಿ ಮುಚ್ಚಿಕೊಳ್ಳುತ್ತದೆ. ಹೂವೊಂದಕ್ಕೆ ಇಂಥ ಮೂರು ಬಾಗಿಲು. ಎರಡು ಮೂರು ದಿನದಲ್ಲಿ ಹೂವು ಮುದುಡಿ ಒದ್ದೆ ಬಟ್ಟೆಯಾಗುತ್ತದೆ. ಅದನ್ನು ಕಿತ್ತರೆ ಬೆರಳಿಗೆಲ್ಲ ನೇರಳೆ ರಸ. ತಿಳಿ ಬಣ್ಣದ ಅಂಗಿ ಹಾಕಿಕೊಂಡು ಈ ಕೆಲಸಕ್ಕೆ ಇಳಿಯಬೇಡಿ.

ಈ ಬಣ್ಣದ ವಂಶಾವಳಿ ಸ್ವಾರಸ್ಯವಾಗಿದೆ. ಹತ್ತೊಂಬತ್ತನೇ ಶತಮಾನದ ಯುರೋಪಿನ ತೋಟಗಳಲ್ಲಿದ್ದದ್ದು ಹೆಚ್ಚಾಗಿ ಐರಿಸ್ ಪ್ಯಾಲಿಡಾ ಮತ್ತು ಐರಿಸ್ ವೇರಿಯಗೇಟಾಗಳ ಸಂತತಿ. 24 ವರ್ಣತಂತುಗಳ, ಸಣ್ಣ ಹೂವಿನ ಗಿಡಗಳು. ಕೇಂಬ್ರಿಡ್ಜಿನಲ್ಲಿ ಶರೀರಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಸರ್ ಮೈಕೆಲ್ ಫಾಸ್ಟರ್ ಅವರಿಗೆ ಐರಿಸ್ ಹುಚ್ಚು. ಏಷ್ಯಾ ಮೈನರ್ ಕಡೆಯ ಮಿಷನರಿಗಳಿಂದ ಗಡ್ಡೆ ತರಿಸಿಕೊಂಡು ನೆಟ್ಟರು. ಅವು 48 ವರ್ಣತಂತುಗಳ ದೊಡ್ಡ ಹೂವಿನ ಗಿಡಗಳು ಎಂಬುದು ಗೊತ್ತಾದದ್ದು ಬಹಳ ಕಾಲದ ಮೇಲೆ. ಅವರ ಸಂಗ್ರಹದಲ್ಲಿ ನಮ್ಮ ಕಾಶ್ಮೀರದ ಐರಿಸ್ ಕಾಶ್ಮೀರಿಯಾನಾ ಕೂಡ ಇತ್ತು. 1907ರಲ್ಲಿ ಫಾಸ್ಟರ್ ತೀರಿಕೊಂಡ ಮೇಲೆ ಮಾರುಕಟ್ಟೆಗೆ ಬಂದ ‘ಕಾಶ್ಮೀರ್ ವೈಟ್’ ಎಂಬ ಬಿಳಿ ತಳಿ ಅವರದೇ. ಇಂದಿನ ಬಿಳಿ ಐರಿಸ್‌ಗಳ ಬೇರು ಹುಡುಕಿಕೊಂಡು ಹೋದರೆ ಕಾಶ್ಮೀರ ಸಿಗುವುದುಂಟು. ಕಪ್ಪಿನ ದಾರಿ ಬೇರೆ. ಇಂಗ್ಲೆಂಡಿನ ಡೆವನ್‌ನಲ್ಲಿದ್ದ ಆರ್ಥರ್ ಬ್ಲಿಸ್ 1917ರಲ್ಲಿ ಹೊರತಂದ ‘ಡೊಮಿನಿಯನ್’ ಕಡುನೇರಳೆ ಮಖಮಲ್ಲಿನ ಇಳಿಎಸಳುಗಳನ್ನು ತಂದಿತು. ಇಪ್ಪತ್ತು ವರ್ಷ ಕಳೆದು, 1938ರಲ್ಲಿ, ಅಮೆರಿಕದ ಇಂಡಿಯಾನಾದ ಬ್ಲಫ್ಟನ್ ಎಂಬ ಊರಿನ ಪಾಲ್ ಕುಕ್ ‘ಸೇಬಲ್’ ಎಂಬ ತಳಿ ಕೊಟ್ಟರು. ಅವರದೇ ‘ಸೇಬಲ್ ನೈಟ್’ 1955ರಲ್ಲಿ ಡೈಕ್ಸ್ ಪದಕ ಗೆದ್ದಿತು.

ಡೈಕ್ಸ್ ಪದಕ ಐರಿಸ್ ಲೋಕದ ಅತಿ ದೊಡ್ಡ ಗೌರವ. ಇಂಗ್ಲೆಂಡಿನ ಶಾಲಾ ಮೇಷ್ಟ್ರು ವಿಲಿಯಂ ರಿಕಟ್ಸನ್ ಡೈಕ್ಸ್ 1913ರಲ್ಲಿ ಐರಿಸ್ ಕುಲದ ಮೇಲೆ ದೊಡ್ಡ ಗ್ರಂಥ ಬರೆದವರು; 1925ರಲ್ಲಿ ಕಾರು ಅಪಘಾತದಲ್ಲಿ ಹೋದರು. ಅವರ ಹೆಸರಿನ ಪದಕವನ್ನು ಅಮೆರಿಕದಲ್ಲಿ 1927ರಿಂದ ಕೊಡುತ್ತಿದ್ದಾರೆ. ಕಡು ಬಣ್ಣದ ತಳಿಗಳಿಗೆ ಈ ಪದಕ ಸುಲಭಕ್ಕೆ ಒಲಿಯುವುದಿಲ್ಲ. ತೀರ್ಪುಗಾರರು ತೋಟದ ನಡುವೆ ನಿಂತು ನೋಡುವಾಗ ಕಪ್ಪು ಹಿಂದೆ ಸರಿಯುತ್ತದೆ. ಆದ್ದರಿಂದ ಗೆದ್ದದ್ದೆಂದರೆ ಬಣ್ಣ ಬಿಟ್ಟು ಬೇರೇನೋ ಇದೆ ಎಂದು ನಂಬಬಹುದು.

ಈಗ ಮಾರಾಟಕ್ಕಿರುವ ಕಪ್ಪುಗಳಲ್ಲಿ ಮೂರನ್ನು ನಾನು ಗಣನೆಗೆ ತೆಗೆದುಕೊಳ್ಳುತ್ತೇನೆ. ಮೊದಲನೆಯದು ಶ್ರೈನರ್ಸ್‌ನವರ 1977ರ ‘ಸೂಪರ್‌ಸ್ಟಿಷನ್’. ಕೆಂಪಿನ ಛಾಯೆಯ ಕಪ್ಪು. ಹಳೆಯದಾದ್ದರಿಂದ ಅಗ್ಗ, ಗಟ್ಟಿ ಪಿಂಡ, ಮರಿ ಹಾಕುವುದರಲ್ಲಿ ಧಾರಾಳಿ. ಎರಡನೆಯದು ಸ್ಟರ್ಲಿಂಗ್ ಇನ್ನರ್ಸ್ಟ್ 1989ರಲ್ಲಿ ಬಿಡುಗಡೆ ಮಾಡಿದ, 1996ರ ಡೈಕ್ಸ್ ಪದಕದ ‘ಬಿಫೋರ್ ದ ಸ್ಟಾರ್ಮ್’. ‘ಸೂಪರ್‌ಸ್ಟಿಷನ್’ನ ರಕ್ತ ಇದರಲ್ಲಿದೆ. ಎಸಳು, ಗಡ್ಡ ಎಲ್ಲವೂ ಒಂದೇ ನೀಲಿಗಪ್ಪು. ಬಣ್ಣದ ವಿಷಯದಲ್ಲಿ ಇದನ್ನು ಮೀರಿಸಿದ್ದು ಬಂದಿದೆ ಎಂದು ವರ್ಷಕ್ಕೊಬ್ಬರು ಜಾಹೀರಾತು ಕೊಡುತ್ತಾರೆ. ನನ್ನ ಕಣ್ಣಿಗೆ ಅಂಥ ವ್ಯತ್ಯಾಸ ಕಂಡಿಲ್ಲ. ಮೂರನೆಯದು ಶ್ರೈನರ್ಸ್‌ನವರ 1992ರ ‘ಹಲೋ ಡಾರ್ಕ್‌ನೆಸ್’, 1999ರ ಡೈಕ್ಸ್ ಪದಕ. ಬಣ್ಣದಲ್ಲಿ ‘ಬಿಫೋರ್ ದ ಸ್ಟಾರ್ಮ್’ಗಿಂತ ಒಂದು ಕೂದಲೆಳೆ ಕಡಿಮೆ ಕಪ್ಪು, ನೇರಳೆಯ ಕಡೆಗೆ.

ಆದರೂ ನನ್ನ ಓಟು ‘ಹಲೋ ಡಾರ್ಕ್‌ನೆಸ್’ಗೇ. ಕಾರಣ, ಅದರ ಎಸಳು ಅಗಲ, ಅಂಚಿನಲ್ಲಿ ಅಲೆ ಇದೆ. ಕಪ್ಪು ಹೂವಿಗೆ ಈ ಅಲೆ ಬಹಳ ಮುಖ್ಯ. ಚಪ್ಪಟೆ ಎಸಳಿನ ಕಪ್ಪು ಬೆಳಕನ್ನು ನುಂಗಿ ಸುಮ್ಮನಾಗುತ್ತದೆ. ಅಲೆ ಇದ್ದರೆ ಪ್ರತಿ ಏರಿನ ಮೇಲೂ ಒಂದು ಹೊಳಪಿನ ಗೆರೆ ಕೂರುತ್ತದೆ, ಹೂವಿಗೆ ಆಕಾರ ಬರುತ್ತದೆ. ಹಳೆಯ ಕಪ್ಪುಗಳು ಪುಸ್ತಕದಲ್ಲಿ ಹೆಸರು ಮಾಡಿ ತೋಟದಲ್ಲಿ ಸಪ್ಪೆಯಾದದ್ದು ಇದರಿಂದಲೇ ಎಂದು ನನ್ನ ಅನಿಸಿಕೆ. ಜೊತೆಗೆ ದಂಡು ಗಟ್ಟಿ, ಮಳೆಗೆ ಬೇಗ ಮಲಗುವುದಿಲ್ಲ. ಗಡ್ಡೆ ಕೊಳ್ಳುವಾಗ ತೋಟದವರನ್ನು ಕೇಳಬೇಕಾದ ಪ್ರಶ್ನೆಗಳೂ ಇವೇ: ದಂಡಿಗೆ ಎಷ್ಟು ಕವಲು, ಎಷ್ಟು ಮೊಗ್ಗು? ಮೂರು ನಾಲ್ಕು ಕವಲು, ಏಳಕ್ಕೆ ಕಡಿಮೆ ಇಲ್ಲದ ಮೊಗ್ಗು ಇರಲಿ. ಹೂವೊಂದು ಮೂರು ದಿನ ಬಾಳುವ ಗಿಡದಲ್ಲಿ ಐದೇ ಮೊಗ್ಗಿದ್ದರೆ ಹೂಗಾಲ ಕಣ್ಣು ಮಿಟುಕಿಸುವುದರಲ್ಲಿ ಮುಗಿಯುತ್ತದೆ. ಈ ವರ್ಷ ಬಿಡುಗಡೆಯಾದ ಹೊಸ ತಳಿಗೆ ಐವತ್ತು ಅರವತ್ತು ಡಾಲರ್ ಕೇಳುತ್ತಾರೆ. ಪದಕ ಗೆದ್ದ ಹಳೆಯವು ಅದರ ಕಾಲು ಭಾಗಕ್ಕೂ ಸಿಗುತ್ತವೆ. ಹೊಸದಕ್ಕೆ ಸುರಿಯುವುದು ಬರೀ ಆತುರದ ಬೆಲೆ.

ಹೋದ ಬಾರಿ ತೀರ್ಥಹಳ್ಳಿಯಿಂದ ಬಂದಿದ್ದ ನಮ್ಮತ್ತೆ ಹಿತ್ತಿಲ ಕಟ್ಟೆಯ ಮೇಲೆ ಕಾಫಿ ಲೋಟ ಹಿಡಿದು ಕೂತು ವಿಚಾರಣೆ ಶುರುಮಾಡಿದ್ದರು.

‘ಇದನ್ನ ಮುಡಿಯಕ್ಕೂ ಬರಲ್ಲ, ದೇವರಿಗೂ ಏರಿಸಂಗಿಲ್ಲ. ಯಾಕೆ ಇಷ್ಟು ದುಡ್ಡು ಸುರೀತೀಯ ಮಾರಾಯ್ತಿ?’

‘ನೋಡಕ್ಕೆ ಅತ್ತೆ.’

‘ನೋಡಕ್ಕಾದ್ರೂ ಕಾಣಬೇಕಲ್ಲ! ಇಲ್ಲಿ ಕೂತ್ರೆ ಆ ಹಳದಿ ಹೂ ಕಾಣತ್ತೆ, ಬಿಳೀದು ಕಾಣತ್ತೆ. ನಿನ್ನ ಕಪ್ಪು ಹೂವಿನ ಜಾಗದಲ್ಲಿ ಏನೋ ತೂತು ಬಿದ್ದಂಗಿದೆ.’

ತೋಟಗಾರಿಕೆಯ ಪುಸ್ತಕಗಳು ಪುಟಗಟ್ಟಲೆ ಬರೆದದ್ದನ್ನು ಅತ್ತೆ ಒಂದೇ ಮಾತಿನಲ್ಲಿ ಮುಗಿಸಿದರು. ಇಪ್ಪತ್ತು ಮೂವತ್ತಡಿ ದೂರದಿಂದ, ಹಸಿರು ಬೇಲಿಯ ಮುಂದೆ, ಕಪ್ಪು ಐರಿಸ್ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಅದು ಓಡಾಡುವ ದಾರಿಯ ಪಕ್ಕದಲ್ಲಿರಬೇಕು. ಹಿಂದೆ ತಿಳಿ ಬಣ್ಣ ಇರಬೇಕು: ನಿಂಬೆಹಳದಿಯ ಇನ್ನೊಂದು ಐರಿಸ್, ತಿಳಿಗುಲಾಬಿ ಪಿಯೋನಿ, ಬೂದುಬೆಳ್ಳಿ ಎಲೆಯ ಆರ್ಟಿಮೀಸಿಯಾ, ಇಲ್ಲವೇ ಸುಣ್ಣ ಹೊಡೆದ ಗೋಡೆ. ಕಡುಕೆಂಪು ಗುಲಾಬಿಯ ಪಕ್ಕ ನೆಟ್ಟರೆ ಎರಡೂ ಸತ್ತವು. ಬೆಳಗಿನ ಅಥವಾ ಸಂಜೆಯ ಬಿಸಿಲು ಹೂವಿನ ಹಿಂದಿನಿಂದ ನಿಮ್ಮ ಕಡೆಗೆ ಬರುವ ಜಾಗ ಸಿಕ್ಕರೆ ಬಿಡಬೇಡಿ. ನಡುಹಗಲಿನ ಬಿಸಿಲು ಕಪ್ಪಿಗೆ ಶತ್ರು. ಕಡು ಬಣ್ಣ ಶಾಖವನ್ನು ಹೀರಿಕೊಳ್ಳುತ್ತದೆ. ಪಕ್ಕದ ಬಿಳಿ ಹೂವು ಸೆಟೆದು ನಿಂತಿರುವಾಗಲೇ ಇದರ ಅಂಚು ಬಾಡಿ ಇಳಿಯುತ್ತದೆ. ಡಲ್ಲಾಸ್ ಕಡೆಯ ಓದುಗರು ಮಧ್ಯಾಹ್ನದ ಮೇಲೆ ನೆರಳು ಬೀಳುವಲ್ಲಿ ನೆಡುವುದೇ ವಾಸಿ. ಹಾಗೆಂದು ದಿನವಿಡೀ ನೆರಳಾದರೆ ಹೂವೇ ಇಲ್ಲ. ಅರ್ಧ ದಿನದ ಬಿಸಿಲು ಬೇಕೇ ಬೇಕು.

ನೆಡುವ ಕಾಲ ಜುಲೈನಿಂದ ಸೆಪ್ಟೆಂಬರ್. ಹಿಮ ಬೀಳುವುದಕ್ಕೆ ಆರು ವಾರ ಮೊದಲಾದರೂ ಗಡ್ಡೆ ಬೇರು ಬಿಟ್ಟಿರಬೇಕು. ಭಾರತದಿಂದ ಬಂದವರೆಲ್ಲ ಇಲ್ಲೇ ಎಡವುತ್ತಾರೆ. ಗಡ್ಡೆ ಎಂದ ಕೂಡಲೇ ಕೈ ಆಳಕ್ಕೆ ಹೋಗುತ್ತದೆ. ಹೂತರೆ ಕೊಳೆಯಿತು. ಕೆರೆಯಲ್ಲಿ ಮಲಗಿದ ಎಮ್ಮೆಯ ಬೆನ್ನಿನಂತೆ ಗಡ್ಡೆಯ ಬೆನ್ನು ಮಣ್ಣಿನ ಮೇಲೆ ಬಿಸಿಲಿಗೆ ಬಿದ್ದಿರಬೇಕು, ಬೇರು ಮಾತ್ರ ಕೆಳಗೆ. ನೀರು ನಿಲ್ಲುವ ಮಣ್ಣಾದರೆ ಏರು ಮಾಡಿ ನೆಡಿ. ಸಾರಜನಕ ಹೆಚ್ಚಿರುವ ಗೊಬ್ಬರ, ಅದರಲ್ಲೂ ಹುಲ್ಲುಹಾಸಿಗೆ ಹಾಕುವ ಗೊಬ್ಬರ, ಇದರ ಹತ್ತಿರ ಸುಳಿಯದಿರಲಿ. ಎಲೆ ಸೊಂಪಾಗಿ ಬಂದು ಗಡ್ಡೆ ಮೆತ್ತಗಾಗುತ್ತದೆ, ಹಿಂದೆಯೇ ಬ್ಯಾಕ್ಟೀರಿಯಾ ಕೊಳೆ. ಆ ವಾಸನೆ ಒಮ್ಮೆ ಮೂಗಿಗೆ ಬಿದ್ದರೆ ಮರೆಯುವಂಥದ್ದಲ್ಲ. ಒಂದು ಗಡ್ಡೆ ಒಂದೇ ಸಲ ಹೂ ಬಿಡುತ್ತದೆ, ಮುಂದಿನ ಹೂವು ಅದರ ಮಗ್ಗುಲಿನ ಮರಿಗಳದ್ದು. ಮೂರು ನಾಲ್ಕು ವರ್ಷಕ್ಕೊಮ್ಮೆ ಕಿತ್ತು ಬಿಡಿಸಿ, ಮುದಿ ಗಡ್ಡೆ ಎಸೆದು, ಮರಿಗಳನ್ನು ನೆಟ್ಟರೆ ಸಾಕು.

ನ್ಯೂಜೆರ್ಸಿ ಕಡೆಯವರಿಗೆ ಇನ್ನೊಂದು ಕಾಟ ಇದೆ, ಅದು ನಮ್ಮ ಒರೆಗಾನಿನಲ್ಲಿಲ್ಲ. ಐರಿಸ್ ಬೋರರ್ ಎಂಬ ಪತಂಗದ ಹುಳು. ಮೊಟ್ಟೆಗಳು ಒಣ ಎಲೆಗಳಲ್ಲಿ ಚಳಿಗಾಲ ಕಳೆದು, ವಸಂತದಲ್ಲಿ ಮರಿಯಾಗಿ, ಎಲೆಯೊಳಗೆ ಸುರಂಗ ಕೊರೆಯುತ್ತ ಗಡ್ಡೆಗೆ ಇಳಿಯುತ್ತವೆ. ಔಷಧಿಗಿಂತ ಪೊರಕೆ ಮೇಲು: ಚಳಿಗಾಲದ ಮೊದಲು ಒಣ ಎಲೆಗಳನ್ನೆಲ್ಲ ಗುಡಿಸಿ ಹೊರಗೆ ಹಾಕಿ, ಕಾಂಪೋಸ್ಟ್ ಗುಂಡಿಗೆ ಬೇಡ. ಗಡ್ಡೆ ಕೊಳ್ಳುವ ಮೊದಲು ಮಾಂಟ್‌ಕ್ಲೇರಿನ ಪ್ರೆಸ್ಬಿ ಐರಿಸ್ ತೋಟಕ್ಕೆ ಒಂದು ಭಾನುವಾರ ಹೋಗಿಬನ್ನಿ. 1927ರಲ್ಲಿ ಶುರುವಾದದ್ದು, ಗುಡ್ಡದ ಇಳಿಜಾರಿನಲ್ಲಿ ಹಳೆಯ ಹೊಸ ತಳಿಗಳು ಹೆಸರುಫಲಕದೊಂದಿಗೆ ಸಾಲಾಗಿ ನಿಂತಿವೆ. ಕ್ಯಾಟಲಾಗಿನ ಸುಳ್ಳು ಅಲ್ಲಿ ನಡೆಯುವುದಿಲ್ಲ.

ಒಂದೇ ಗಡ್ಡೆಗೆ ಜಾಗ ಇದೆ ಎನ್ನುವ ಅಪಾರ್ಟ್‌ಮೆಂಟಿನವರಿಗೆ ಮಾತ್ರ ನನ್ನ ಸಲಹೆ ಬೇರೆ. ಅವರು ಕಪ್ಪಿನ ಆಸೆಯನ್ನೇ ಬಿಟ್ಟು ಶ್ರೈನರ್ಸ್‌ನವರ 1986ರ ‘ಡಸ್ಕಿ ಚಾಲೆಂಜರ್’ ನೆಡಲಿ. ಅದು ಕಡುನೇರಳೆ, ಕಪ್ಪೆಂದು ಯಾರೂ ಹೇಳಿಕೊಂಡಿಲ್ಲ. 1992ರಲ್ಲಿ ಡೈಕ್ಸ್ ಗೆದ್ದ ಮೇಲೆ ಅಮೆರಿಕನ್ ಐರಿಸ್ ಸೊಸೈಟಿಯ ಸದಸ್ಯರ ಮೆಚ್ಚಿನ ಪಟ್ಟಿಯಲ್ಲಿ ವರ್ಷಗಟ್ಟಲೆ ತುದಿಯಲ್ಲಿತ್ತು. ಅಂಗೈ ಮುಚ್ಚುವ ಹೂವು, ಒಂದು ದಂಡಿನಲ್ಲಿ ಮೊಗ್ಗಿನ ಮೇಲೆ ಮೊಗ್ಗು, ಹತ್ತಿರ ಹೋದರೆ ಸಿಹಿ ವಾಸನೆ. ನಮ್ಮತ್ತೆಗೂ ಕಟ್ಟೆಯಿಂದ ಕಾಣುವಂಥ ಹೂವು ಇದು.

ಊರಿನ ಓದುಗರು ಕೇಳುವ ಪ್ರಶ್ನೆಗೂ ಉತ್ತರ ಕೊಡಬೇಕು. ಬೆಂಗಳೂರಿನಲ್ಲಿ ಇದು ಬರುವುದಿಲ್ಲ. ಎಲೆ ಬಂದೀತು, ಹೂವು ಬರದು. ಮೊಗ್ಗು ಕಟ್ಟಲು ಇದಕ್ಕೆ ವಾರಗಟ್ಟಲೆ ಕೊರೆಯುವ ಚಳಿ ಬೇಕು, ಆಮೇಲೆ ಗಡ್ಡೆ ಮಲಗಲು ಒಣ ಬೇಸಿಗೆ ಬೇಕು. ನಮ್ಮಲ್ಲಿ ಮುಂಗಾರು ಬಂದು ಗಡ್ಡೆಯನ್ನು ಕೊಳೆಸುತ್ತದೆ. ಭಾರತದಲ್ಲಿ ಇದರ ಜಾತಿಯವು ನೆಮ್ಮದಿಯಾಗಿರುವುದು ಕಾಶ್ಮೀರದಲ್ಲಿ. ಅಲ್ಲಿನ ಕಬರಸ್ತಾನಗಳಲ್ಲಿ ವಸಂತದಲ್ಲಿ ಬಿಳಿ, ನೇರಳೆ ಐರಿಸ್ ಸಮಾಧಿಗಳ ಮೇಲೆ ತಾನಾಗಿ ಅರಳುತ್ತದೆ, ಯಾರೂ ನೀರು ಹಾಕುವುದಿಲ್ಲ.

ಆನ್‌ಲೈನ್ ಅಂಗಡಿಗಳಲ್ಲಿ ‘ಕಪ್ಪು ಐರಿಸ್ ಬೀಜ’ ಎಂಬ ಪೊಟ್ಟಣ ಕಂಡರೆ ದಯವಿಟ್ಟು ಕೊಳ್ಳಬೇಡಿ. ಹೆಸರಿರುವ ಯಾವ ಐರಿಸ್ ತಳಿಯೂ ಬೀಜದಿಂದ ತಾಯಿಯಂತೆ ಬರುವುದಿಲ್ಲ. ‘ಹಲೋ ಡಾರ್ಕ್‌ನೆಸ್’ ಎಂದರೆ ಅದರ ಗಡ್ಡೆಯ ತುಂಡು ಮಾತ್ರ. ಹಾಗೆಂದು ಮಗಳ ಮನೆಯಿಂದ ಹೊರಡುವಾಗ ಸೂಟ್‌ಕೇಸಿನ ಸೀರೆ ಮಡಿಕೆಯಲ್ಲಿ ಗಡ್ಡೆ ಇಟ್ಟುಕೊಂಡು ಬರುವುದೂ ಸಲ್ಲ. 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಆಮದು ಪರವಾನಗಿ, ಸಸ್ಯಾರೋಗ್ಯ ಪ್ರಮಾಣಪತ್ರ ಎರಡೂ ಬೇಕು. ಐರಿಸ್ ಮನೆತನದ ಹೂವೇ ಬೇಕೆಂದರೆ ಬ್ಲ್ಯಾಕ್‌ಬೆರಿ ಲಿಲ್ಲಿ ಎಂದು ನರ್ಸರಿಗಳಲ್ಲಿ ಸಿಗುವ, ಕಿತ್ತಳೆ ಎಸಳಿನ ಮೇಲೆ ಕೆಂಪು ಚುಕ್ಕಿಯ ಗಿಡ ತನ್ನಿ. 2005ರಿಂದ ಸಸ್ಯಶಾಸ್ತ್ರಜ್ಞರು ಅದನ್ನೂ ಐರಿಸ್ ಕುಲಕ್ಕೇ ಸೇರಿಸಿದ್ದಾರೆ. ಅದು ಬೆಂಗಳೂರಿನ ಬಿಸಿಲಿಗೆ ಒಗ್ಗುತ್ತದೆ, ಬೀಜದಿಂದಲೇ ಏಳುತ್ತದೆ. ಕಪ್ಪು ಐರಿಸ್ಸನ್ನು ಕಣ್ಣಾರೆ ನೋಡಲೇಬೇಕು ಎನ್ನುವವರು ಅಮೆರಿಕದ ಟಿಕೆಟ್ಟನ್ನು ಮೇ ತಿಂಗಳಿಗೆ ತೆಗೆಸಿ. ಜೂನ್ ಮಧ್ಯಕ್ಕೆ ಬಂದಿಳಿದರೆ ಬರೀ ಎಲೆ ನೋಡಿಕೊಂಡು ಹೋಗಬೇಕು.